ಗರ್ಭಜಲದೊಂದಿಗೆ ತಾಯಿಯ ರಕ್ತವೂ ಪರೀಕ್ಷೆಗೆ ಹೋಗಲಿ

ಮಾನ್ಯ ಸಂಪಾದಕರೇ,

ಥಲಸ್ಸೇಮಿಯಾದಂತಹ ಆನುವಂಶಿಕ ಕಾಯಿಲೆಯ ಆತಂಕದಿಂದ ಮಂಡ್ಯ, ಮೈಸೂರಿನ ಗರ್ಭಿಣಿಯರು ಗರ್ಭಜಲ ಪರೀಕ್ಷೆ (ಮಗುವಿನ ಸುತ್ತಲಿನ ದ್ರವವನ್ನು ಸೂಜಿಯಿಂದ ತೆಗೆದು ಅದರಲ್ಲಿನ ಮಗುವಿನ ಜೀವಕೋಶಗಳನ್ನು ಪರೀಕ್ಷಿಸುವುದು) ಮಾಡಿಸಿದಾಗ, ಮಾದರಿಯಲ್ಲಿ ತಾಯಿಯ ಜೀವಕೋಶಗಳು ಬೆರೆತಿಲ್ಲವೆಂದು ಖಚಿತವಾದ ಮೇಲಷ್ಟೇ ವರದಿ ನೀಡಬೇಕು. ಸೂಜಿಯು ತಾಯಿಯ ಹೊಟ್ಟೆ, ಗರ್ಭಕೋಶಗಳನ್ನು ಹಾದು ಹೋಗುವುದರಿಂದ ಮೊದಲು ಬರುವ 1–2 ಮಿ.ಲೀ. ದ್ರವವನ್ನು ಬೇರ್ಪಡಿಸುವ ರೂಢಿಯಿದೆ. ಆದರೂ ಬೆರಕೆಯಾಗಬಹುದು, ಅದೂ ರಕ್ತದ ಛಾಯೆಯಿರುವ ಮಾದರಿಯಲ್ಲಿ ಹೆಚ್ಚು. ತಾಯಿ ರೋಗವಾಹಕಳಾಗಿದ್ದು (ದೋಷವಿರುವ ಜೀನ್‌ನ ಒಂದೇ ಪ್ರತಿಯಿದ್ದು, ತನಗೆ ರೋಗವಿಲ್ಲದವಳು) ಮಗುವಿಗೆ ರೋಗವೇ ಇದ್ದರೆ, ಈ ಬೆರಕೆಯಿಂದ ಮಗುವೂ ಬರೀ ವಾಹಕವೆಂಬ ತಪ್ಪು ಫಲಿತಾಂಶ ಬರುವ ಅಪಾಯವಿದೆ. ಇಂಥ ವರದಿಯನ್ನು ನಂಬಿದ ದಂಪತಿಗೆ ಆಗುವ ಆಘಾತ ಸಣ್ಣದಲ್ಲ. ತಾಯಿಯ ರಕ್ತವನ್ನೂ ಜೊತೆಗೆ ಕಳಿಸಿ ಎರಡರ ಎಸ್‌ಟಿಆರ್ ಗುರುತುಗಳನ್ನು (ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವ, ಡಿಎನ್‌ಎಯಲ್ಲಿ ಮರುಕಳಿಸುವ ಸಣ್ಣ ತುಣುಕುಗಳನ್ನು) ಹೋಲಿಸಿದರೆ, ಮಗುವಿಗೆ ತಾಯಿಯ ಎರಡು ರೂಪಗಳಲ್ಲಿ ಒಂದಷ್ಟೇ ಬರಬೇಕಾದಲ್ಲಿ, ತಂದೆಯಿಂದ ಬಂದ ರೂಪದ ಜೊತೆಗೆ ತಾಯಿಯ ಎರಡೂ ರೂಪಗಳು ಕಾಣಿಸುವುದರಿಂದ ಬೆರಕೆ ಪತ್ತೆಯಾಗುತ್ತದೆ. ಮಾದರಿ ಸಂಗ್ರಹಿಸುವ ನಮ್ಮ ಆಸ್ಪತ್ರೆಗಳು ಇದನ್ನು ಕಡ್ಡಾಯ ಮಾಡಿಕೊಳ್ಳಲಿ, ಪ್ರಯೋಗಾಲಯಗಳು ವರದಿಯಲ್ಲೇ ನಮೂದಿಸಲಿ.

– ಓದುಗರೊಬ್ಬರು, ಮಂಡ್ಯ