ಮಂಡಿಯೂರಿ ನೋಡು

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನೀನು ಕೊಳ್ಳಬೇಕು ಅಂತಿರುವ ಹಳೇ ಕಾರಿನ ಹನ್ನೆರಡು ಫೋಟೋಗಳೂ ಬಂದವು. 1966ರ ಎಂಜಿಬಿ ರೋಡ್‌ಸ್ಟರ್, ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು, ಕೆಂಪು ಬಣ್ಣ, ಸ್ಪೋಕ್ ವೀಲು, ಕ್ರೋಮ್ ಬಂಪರ್. ಲಕ್ಷಣವಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಹನ್ನೆರಡರಲ್ಲಿ ಒಂದಾದರೂ ಕಾರಿನ ಅಡಿಭಾಗದ ಫೋಟೋ ಇದೆಯಾ ನೋಡು. ಇಲ್ಲ. ಬಾಗಿಲ ಬುಡದ್ದೂ ಇಲ್ಲ. ಫೋನಿನಲ್ಲಿ ಹೇಳಿದರೆ "ಹ್ಞೂಂ ಮಾವ, ಹ್ಞೂಂ ಮಾವ" ಅಂದು ಮರೆತುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಜೇಬಿನಲ್ಲಿಟ್ಟುಕೊಂಡು ಹೋಗು.

ನಿನ್ನ ವಯಸ್ಸಿನಲ್ಲಿ ನಾನೂ ಒಂದು ಎಂಜಿಬಿ ತಗೊಂಡಿದ್ದೆ. ಅದು ಹಸಿರು. ಸಂಜೆ ಹೊತ್ತು, ಆಗಷ್ಟೇ ಮಳೆ ನಿಂತಿತ್ತು. ಒದ್ದೆ ಕಾರು ಎಷ್ಟು ಹೊಳೆಯುತ್ತದೆ ಅಂದರೆ ಗೀರು, ಉಬ್ಬು, ಬಣ್ಣದ ವ್ಯತ್ಯಾಸ ಯಾವುದೂ ಕಾಣುವುದಿಲ್ಲ. ಎಂಜಿನ್ ಸದ್ದು ಕೇಳಿದೆ, ಒಂದು ಸುತ್ತು ಓಡಿಸಿದೆ, ದುಡ್ಡು ಎಣಿಸಿ ಕೊಟ್ಟೆ. ಮೂರನೇ ತಿಂಗಳು ಟೈರ್ ಪಂಕ್ಚರ್ ಆಯಿತು. ಜಾಕ್ ಇಟ್ಟು ತಿರುಗಿಸಿದೆ. ಕಾರು ಮೇಲೇಳಲಿಲ್ಲ. ಒಣ ಎಲೆ ತುಳಿದ ಹಾಗೆ ಕರಕರ ಸದ್ದು ಬಂತು. ಜಾಕ್ ನಿಧಾನವಾಗಿ ಕಾರಿನೊಳಕ್ಕೇ ಹೋಗುತ್ತಿತ್ತು! ಕೈ ಹಾಕಿ ನೋಡಿದರೆ ಬಾಗಿಲ ಕೆಳಗಿನ ಸಿಲ್‌ನಲ್ಲಿ ಕಬ್ಬಿಣವೇ ಇಲ್ಲ. ಉಂಡೆ ಕಟ್ಟಿ ತುರುಕಿದ ಹಳೇ ಪತ್ರಿಕೆ, ಅದರ ಮೇಲೆ ಬೆರಳು ದಪ್ಪ ಪುಟ್ಟಿ, ಅದರ ಮೇಲೆ ಬಣ್ಣ. ನಗಬೇಡ, ಗ್ಯಾರೇಜಿನವರು ಆ ಮೆತ್ತುವ ಪೇಸ್ಟಿಗೂ ಪುಟ್ಟಿ ಅಂತಲೇ ಅನ್ನುತ್ತಾರೆ. ನಿನ್ನನ್ನು ಕೂಗುವಾಗೆಲ್ಲ ನನಗೆ ಆ ಹಸಿರು ಕಾರು ನೆನಪಾಗುತ್ತದೆ.

ಹಾಗಾಗಿ ಎಂಜಿನ್ ವಿಷಯ ಆಮೇಲೆ. ಎಂಜಿಬಿಗೆ ಬೇರೆ ಚಾಸಿ, ಅಂದರೆ ಅಡಿಯ ಚೌಕಟ್ಟು, ಅಂತ ಇಲ್ಲ, ಬಾಡಿಯೇ ಚಾಸಿ. ರೋಡ್‌ಸ್ಟರ್‌ಗೆ ಮೇಲೆ ಸೂರೂ ಇಲ್ಲ. ಮುಂದಿನ ಅರ್ಧ, ಹಿಂದಿನ ಅರ್ಧ ಎರಡನ್ನೂ ಮುಖ್ಯವಾಗಿ ಹಿಡಿದಿಟ್ಟಿರುವುದು ಬಾಗಿಲ ಕೆಳಗಿನ ಆ ಎರಡು ಸಿಲ್‌ಗಳೇ. ಸಿಲ್ ಅಂದರೆ ಒಂದೇ ತಗಡಲ್ಲ. ಹೊರಗೊಂದು, ಒಳಗೊಂದು, ನಡುವೆ ಇನ್ನೊಂದು, ಅಡಿಯಲ್ಲಿ ಉದ್ದಕ್ಕೆ ಒಂದು ಪಟ್ಟಿ. ಎಲ್ಲ ಸೇರಿ ಪೆಟ್ಟಿಗೆಯಾದರೇನೇ ಅದಕ್ಕೆ ಬಲ. ಕೆಸರು, ನೀರು ಒಳಗೆ ಸೇರಿಕೊಂಡು ಅಲ್ಲಿಂದಲೇ ತಿನ್ನುತ್ತಾ ಬರುತ್ತದೆ. ಹೊರಗಡೆ ಬಣ್ಣ ಗುಳ್ಳೆ ಎದ್ದಿದ್ದರೆ ಒಳಗೆ ತಿಂದು ಮುಗಿಸಿದೆ ಅಂತಲೇ ಲೆಕ್ಕ. ಇನ್ನು ಕೆಲವರು ಕೊಳೆತ ಸಿಲ್ ಮೇಲೆಯೇ ಹೊಸ ತಗಡು ಹೊದಿಸಿ ವೆಲ್ಡ್ ಮಾಡಿಬಿಡುತ್ತಾರೆ. ಹೊರಗಿನಿಂದ ನೋಡಿದರೆ ಹೊಚ್ಚ ಹೊಸದು.

ಇದನ್ನು ಹಿಡಿಯಲು ಬಾಗಿಲೇ ಸಾಕು. ಬಾಗಿಲು ಮುಚ್ಚಿ, ನಾಲ್ಕು ಹೆಜ್ಜೆ ಹಿಂದೆ ಸರಿದು, ಮಂಡಿಯೂರಿ ಕೂತು ಅದರ ಸುತ್ತಲಿನ ಸಂದು ನೋಡು. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರಿನ ನಡು ಕುಸಿದಿದೆ. ಆಮೇಲೆ ಮಾರುವವರನ್ನು ಕೇಳಿಕೊಂಡು ಜಾಕ್ ಹಾಕಿಸು. ಗಾಲಿ ನೆಲ ಬಿಟ್ಟಾಗ ಆ ಸಂದು ಎಷ್ಟು ಬದಲಾಯಿತು ಅಂತ ನೋಡು. ಬಾಗಿಲು ತೆಗೆದು ಹಾಕಿ ಮಾಡು. ಮೊದಲು ಸಲೀಸಾಗಿ ಮುಚ್ಚುತ್ತಿದ್ದದ್ದು ಈಗ ತಗುಲಿದರೆ ನಮಸ್ಕಾರ ಹೇಳಿ ವಾಪಸ್ ಬಾ. ಮುಂದೆ ಏನೂ ನೋಡಬೇಕಿಲ್ಲ. ಜಾಕ್ ಹಾಕಲು ಬಿಡುವುದೇ ಇಲ್ಲ ಅಂದರೂ ಅಷ್ಟೇ.

ಒಂದು ಸಣ್ಣ ಆಯಸ್ಕಾಂತ ತಗೊಂಡು ಹೋಗು, ತೆಳ್ಳಗಿನ ಬಟ್ಟೆಯಲ್ಲಿ ಸುತ್ತಿಕೊಂಡು. ಇಲ್ಲದಿದ್ದರೆ ಬಣ್ಣ ಗೀರುತ್ತದೆ, ಆಮೇಲೆ ಜಗಳ. ಸಿಲ್ ಮೇಲೆ, ಹಿಂದಿನ ಗಾಲಿಯ ಮುಂಭಾಗದಲ್ಲಿ, ಮುಂದಿನ ಮಡ್‌ಗಾರ್ಡಿನ ಬುಡದಲ್ಲಿ, ಹೆಡ್‌ಲೈಟ್ ಸುತ್ತ ಆಡಿಸು. ಹಿಡಿದೂ ಹಿಡಿಯದ ಹಾಗೆ ಜಾರಿದರೆ ಅಲ್ಲಿ ನಿನ್ನ ಹೆಸರಿನವಳು ಕೂತಿದ್ದಾಳೆ. ಬಾನೆಟ್‌ಗೆ ಮಾತ್ರ ಎಲ್ಲೂ ಅಂಟುವುದಿಲ್ಲ, ಗಾಬರಿ ಆಗಬೇಡ. ಆ ಕಾಲದ ಎಂಜಿಬಿಗೆ ಬಾನೆಟ್ ಅಲ್ಯೂಮಿನಿಯಂದು. ಬದಲಿಗೆ ಬಾನೆಟ್‌ಗೆ ಗಟ್ಟಿಯಾಗಿ ಅಂಟಿತು ಅಂದರೆ ಯಾವಾಗಲೋ ಬದಲಾಯಿಸಿದ್ದಾರೆ, ಯಾಕೆ ಅಂತ ಕೇಳು. ಮುಂದೆ ಗುದ್ದಿಸಿರಬಹುದು. ಬಾಗಿಲ ಮೇಲೆ, ಮೂಲೆಗಾಜಿನ ಕೆಳಗೆ ಒಂದು ಸಣ್ಣ ಬಿರುಕು ಇದ್ದರೂ ಇರಬಹುದು. ಅದು ಎಂಜಿಬಿಗಳ ಹುಟ್ಟುಗುಣ. ಅದಕ್ಕೆ ಕಾರು ಬಿಡಬೇಕಿಲ್ಲ.

ಕಾರ್ಪೆಟ್ ಎತ್ತಿಸಿ ನೋಡು. ನೆಲದ ತಗಡು ಒದ್ದೆಯಾಗಿದೆಯಾ, ತೇಪೆ ಹಾಕಿದ್ದಾರಾ? ಸೀಟಿನ ಹಿಂದೆ ಒಂದು ಮುಚ್ಚಳ ಇರುತ್ತದೆ, ಅದನ್ನೂ ತೆಗೆಸು. ಈ ಕಾರಿಗೆ ಆರಾರು ವೋಲ್ಟಿನ ಎರಡು ಬ್ಯಾಟರಿ, ಅಲ್ಲೇ ಎರಡು ತೊಟ್ಟಿಗಳಲ್ಲಿ ನೇತಾಡುತ್ತಿರುತ್ತವೆ. ಆಸಿಡ್ ಚೆಲ್ಲಿ ಆ ತೊಟ್ಟಿಗಳು ತೂತು ಬೀಳುವುದು ಮಾಮೂಲು. ಇನ್ನೊಂದು ಮಾತು, ಆ ಕಾಲದಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಕಾರಿನ ಮೈಗೆ ಕಟ್ಟುತ್ತಿದ್ದರು, ಇವತ್ತಿನ ಕಾರುಗಳಿಗೆ ತದ್ವಿರುದ್ಧ. ಈಗ ಹಾಗೇ ಇದೆಯಾ, ಬದಲಾಯಿಸಿದ್ದಾರಾ ಅಂತ ಮೊದಲೇ ಕೇಳಿಕೋ. ಗೊತ್ತಿಲ್ಲದೆ ಹೊಸ ರೇಡಿಯೋ ಹಾಕಿದರೆ ಅದು ಅಲ್ಲೇ ಸುಟ್ಟುಹೋಗುತ್ತದೆ.

ಈಗ ಎಂಜಿನ್. 1798 ಸಿಸಿ, ನಾಲ್ಕು ಸಿಲಿಂಡರ್, ಎರಡು ಎಸ್‌ಯು ಕಾರ್ಬುರೇಟರ್. ಗಟ್ಟಿಮುಟ್ಟು ಎಂಜಿನ್ನು. ಹೋಗುವ ಹಿಂದಿನ ದಿನವೇ ಫೋನ್ ಮಾಡಿ "ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿಬಿಡು. ಹೋದ ತಕ್ಷಣ ಸುಮ್ನೆ ಮಾತಾಡುತ್ತಾ ಬಾನೆಟ್ ಮೇಲೆ ಅಂಗೈ ಇಡು. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ತಣ್ಣಗಿರುವಾಗ ಸ್ಟಾರ್ಟ್ ಆಗುವುದರಲ್ಲೇ ಅರ್ಧ ಸತ್ಯ ಗೊತ್ತಾಗುತ್ತದೆ.

ಸ್ಟಾರ್ಟ್ ಮಾಡುವ ಮುಂಚೆ ರೇಡಿಯೇಟರ್ ಮುಚ್ಚಳ ತೆಗೆದು ನೋಡು. ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ, ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಬೆಳ್ಳಗೆ ನೊರೆನೊರೆಯಾಗಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ತಲೆಗೂ ಬ್ಲಾಕಿಗೂ ನಡುವಿನ ಬಿಗಿಪಟ್ಟಿ, ಹೋಗಿರುವ ಸಾಧ್ಯತೆ ಜಾಸ್ತಿ. ಆಯಿಲ್ ಹಾಕುವ ಮುಚ್ಚಳದಲ್ಲಿ ಮಾತ್ರ ಸ್ವಲ್ಪ ನೊರೆ ಇದ್ದರೆ, ಬರೀ ಚಿಕ್ಕ ಚಿಕ್ಕ ಓಡಾಟಕ್ಕೆ ಬಳಸಿದ ಕಾರಿನ ತೇವವೂ ಇರಬಹುದು. ಸ್ಟಾರ್ಟ್ ಆದ ಮೇಲೆ ಹೊಗೆ ನೋಡು. ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿದೆ. ಆಯಿಲ್ ಪ್ರೆಶರ್ ಮೀಟರು ಈ ಕಾರಿನಲ್ಲಿ ಬರೀ ಅಲಂಕಾರಕ್ಕಲ್ಲ. ಚೆನ್ನಾಗಿ ಕಾದ ಎಂಜಿನ್ ಓಡುವಾಗ 50ರ ಮೇಲೆ ಇರಬೇಕು, ನಿಂತಾಗ 15-20 ಇದ್ದರೆ ಪರವಾಗಿಲ್ಲ. ಮೆಕ್ಯಾನಿಕ್ ಯಾರಾದರೂ ಜೊತೆಗೆ ಬಂದರೆ ನಾಲ್ಕೂ ಸಿಲಿಂಡರಿನ ಕಂಪ್ರೆಶನ್, ಅಂದರೆ ಒಳಗಿನ ಒತ್ತಡ, ಅಳೆಸು. ಒಟ್ಟು ಎಷ್ಟು ಅನ್ನುವುದಕ್ಕಿಂತ ನಾಲ್ಕೂ ಹೆಚ್ಚುಕಮ್ಮಿ ಸಮ ಇದೆಯಾ ಅನ್ನುವುದು ಮುಖ್ಯ.

ಎಂಜಿನ್ನಿನಲ್ಲಿ ಇಷ್ಟೆಲ್ಲ ದೋಷ ಸಿಕ್ಕರೂ ನಾನು ಅಷ್ಟು ಹೆದರುವುದಿಲ್ಲ, ಗೊತ್ತಾ? 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಿಂದ ಐದು ಲಕ್ಷಕ್ಕೂ ಜಾಸ್ತಿ ಎಂಜಿಬಿಗಳು ಬಂದವು. ಬಿಡಿಭಾಗ ಇವತ್ತಿಗೂ ಸಿಗುತ್ತವೆ. ಎಂಜಿನ್ ಇಳಿಸಿ, ಬಿಚ್ಚಿ, ಕಟ್ಟಿ ಕೂರಿಸಬಹುದು. ಬಾಡಿ ಹಾಗಲ್ಲ. 1988ರಿಂದ ಇಡೀ ಹೊಸ ಬಾಡಿಯನ್ನೇ ತಯಾರಿಸಿ ಮಾರುತ್ತಿದ್ದಾರೆ, ನಿಜ. ಆದರೆ ಕಾರನ್ನು ಪೂರ್ತಿ ಬಿಚ್ಚಿ ಅದಕ್ಕೆ ಜೋಡಿಸುವ ಕೂಲಿ ಯೋಚಿಸು. ನನ್ನ ಹಸಿರು ಕಾರಿಗೆ ಆದದ್ದು ಅದೇ. ಕೊನೆಗೆ ಎಂಜಿನ್ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಹಾಕಿದೆ.

ಓಡಿಸುವಾಗ ರೇಡಿಯೋ ಬೇಡ, ಮಾತೂ ಬೇಡ. ಈ ಕಾರಿನ ಗೇರ್‌ಬಾಕ್ಸಿನಲ್ಲಿ ಒಂದನೇ ಗೇರಿಗೆ ಸಿಂಕ್ರೋ, ಅಂದರೆ ಗೇರು ಸದ್ದಿಲ್ಲದೆ ಕೂರಲು ವೇಗ ಹೊಂದಿಸುವ ಭಾಗ, ಇಲ್ಲ. ಚಲಿಸುತ್ತಿರುವಾಗ ಒಂದಕ್ಕೆ ಹಾಕಿದರೆ ಕರ್ರ್ ಅನ್ನುತ್ತದೆ, ಅದು ದೋಷವಲ್ಲ. ಎರಡನೇ ಗೇರಿನಲ್ಲಿ ಹಾಗೆ ಅಂದರೆ ದೋಷ. ಮೂರರಲ್ಲಿ, ನಾಲ್ಕರಲ್ಲಿ ಆಕ್ಸಿಲರೇಟರ್‌ನಿಂದ ಒಮ್ಮೆಲೇ ಕಾಲು ತೆಗೆದು ನೋಡು, ಗೇರು ತಾನಾಗಿ ಹೊರಗೆ ಬರಬಾರದು. ಓವರ್‌ಡ್ರೈವ್ (ಅದೇ ವೇಗಕ್ಕೆ ಎಂಜಿನ್ ನಿಧಾನ ತಿರುಗಲು ಇರುವ ಹೆಚ್ಚುವರಿ ಗೇರು) ಇದೆ ಅಂತ ಮಾರುವವರು ಬರೆದಿದ್ದಾರಲ್ಲ, ಮೇಲಿನ ಗೇರಿನಲ್ಲಿ ಓಡುವಾಗ ಡ್ಯಾಶ್‌ಬೋರ್ಡಿನ ಸ್ವಿಚ್ ಒತ್ತಿದಾಗ ಎಂಜಿನ್ ಸದ್ದು ಕೂಡಲೇ ಇಳಿಯಬೇಕು. ಸ್ವಿಚ್ ಇದ್ದು ಕೆಲಸ ಮಾಡದ ಓವರ್‌ಡ್ರೈವ್‌ಗಳು ಎಷ್ಟೋ ಇವೆ. ಉದ್ದನೆಯ ಇಳಿಜಾರಿನಲ್ಲಿ ಕಾಲು ತೆಗೆದು ಬಾ, ತಳದಲ್ಲಿ ಮತ್ತೆ ಒತ್ತು, ಆಗ ಕನ್ನಡಿಯಲ್ಲಿ ಹಿಂದೆ ನೋಡು. ನೀಲಿ ಹೊಗೆಯ ಒಂದು ಮೋಡ ಎದ್ದರೆ ಎಂಜಿನ್ ವಾಲ್ವಿನ ಕಡ್ಡಿ ಆಡುವ ಕೊಳವೆ, ವಾಲ್ವ್ ಗೈಡ್, ಸವೆದಿದೆ.

ಸ್ಪೋಕ್ ವೀಲಿಗೆ ನೀನು ಮನಸೋತಿದ್ದೀಯ, ಫೋಟೋದಲ್ಲೇ ಗೊತ್ತಾಯಿತು. ಒಂದು ಸಣ್ಣ ಸ್ಪ್ಯಾನರ್‌ನಿಂದ ಪ್ರತಿ ಕಡ್ಡಿಯನ್ನೂ ಮೆಲ್ಲಗೆ ತಟ್ಟುತ್ತಾ ಹೋಗು. ಟಿಣ್ ಟಿಣ್ ಅಂದರೆ ಸರಿ, ಟಪ್ ಅಂದ ಕಡ್ಡಿ ಸಡಿಲ. ಗಾಲಿ ಮೇಲೆತ್ತಿ, ಯಾರನ್ನಾದರೂ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಗಾಲಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡು. ಚೂರು ಅಲ್ಲಾಡಿದರೂ ಒಳಗಿನ ಹಲ್ಲುಗಳು ಸವೆದಿವೆ. ಗಾಲಿ ಮಾತ್ರ ಅಲ್ಲ, ಗಾಲಿ ಕೂರುವ ಹಬ್ ಕೂಡ ಬದಲಾಯಿಸಬೇಕಾಗುತ್ತದೆ. ಹಾಗೇ ಗಾಲಿಯ ಮೇಲ್ತುದಿ, ಕೆಳತುದಿ ಹಿಡಿದು ಅಲ್ಲಾಡಿಸು. ಬ್ರೇಕ್ ಒತ್ತಿ ಹಿಡಿದಾಗಲೂ ಮುಂದಿನ ಗಾಲಿ ಆಡಿದರೆ ಅದು ಎಡಬಲ ತಿರುಗುವ ಕೀಲು, ಕಿಂಗ್‌ಪಿನ್, ಸವೆದಿದೆ, ಅಂದರೆ ಗ್ರೀಸ್ ಹೊಡೆದಿಲ್ಲ. ಗ್ರೀಸ್ ಹೊಡೆಯದವರು ಇನ್ನೇನು ಮಾಡಿರುತ್ತಾರೆ ಹೇಳು. ಟೈರಿನ ಗೀಟು ಆಳವಾಗಿದೆ ಅಂತ ಖುಷಿಪಡಬೇಡ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅಂಕಿ ಮೂರೇ ಇದ್ದರೆ ಆ ಟೈರು 2000ಕ್ಕಿಂತ ಮುಂಚಿನದು, ಅದರ ಮೇಲೆ ಓಡಿಸಿ ನೋಡುವುದೂ ಬೇಡ.

ಕಾಗದ ಪತ್ರದ ವಿಷಯ ಚಿಕ್ಕದು. ಚಾಸಿ ನಂಬರ್ ಜಿಎಚ್‌ಎನ್3 ಅಂತ ಶುರುವಾಗಬೇಕು, ಎಂಜಿನ್ ನಂಬರ್ 18ಜಿಬಿ ಅಂತ. ಎರಡನ್ನೂ ಕಾರಿನ ಮೇಲೆಯೇ ಓದಿ, ಪತ್ರದ ಜೊತೆ ನೀನೇ ಹೋಲಿಸು. ಮಾರುವವರ ಬಾಯಿಂದ ಕೇಳಿ ಬರೆದುಕೊಳ್ಳಬೇಡ. ಎಂಜಿನ್ ನಂಬರ್ ಬೇರೆ ಇದ್ದರೆ ಕಳ್ಳ ಕಾರು ಅಂತಲ್ಲ, ಎಂಜಿನ್ ಬದಲಾಗಿರುತ್ತದೆ ಅಷ್ಟೇ. ಆದರೆ "ಎಲ್ಲಾ ಒರಿಜಿನಲ್" ಅನ್ನುವ ಮಾತಿಗೆ ಕೊಡುವ ಬೆಲೆ ಕೊಡಬೇಡ. ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂ ಹಳೇ ಕಾರ್ಖಾನೆ ದಾಖಲೆ ನೋಡಿ ಸರ್ಟಿಫಿಕೇಟ್ ಕೊಡುತ್ತದೆ. ಕಾರು ಹುಟ್ಟಿದಾಗ ಯಾವ ಬಣ್ಣ ಇತ್ತು ಅನ್ನುವುದು ಅದರಲ್ಲಿ ಇರುತ್ತದೆ. ಕೆಂಪು ಕಾರಿನ ಕಾರ್ಪೆಟ್ ಕೆಳಗೆ ಬಿಳಿ ಬಣ್ಣ ಇಣುಕಿದರೆ ಆಗ ನೆನಪು ಮಾಡಿಕೋ.

ಬೆಳಕಿರುವಾಗ ಹೋಗು, ಕಾರು ಒಣಗಿರಲಿ, ಹಳೇ ಬಟ್ಟೆ ಹಾಕಿಕೋ. ಅವತ್ತು ಅಡ್ವಾನ್ಸ್ ಕೊಡುವುದು ಬೇಡ. ನೋಡಿದ್ದೆಲ್ಲ ಬರೆದುಕೊಂಡು ಬಂದು ರಾತ್ರಿ ನನಗೆ ಫೋನ್ ಮಾಡು. ಸಿಲ್ ಗಟ್ಟಿ ಇದೆ ಅಂತ ನೀನು ಹೇಳಿದರೆ ಉಳಿದದ್ದಕ್ಕೆ ನನ್ನ ಸ್ಪ್ಯಾನರ್ ಪೆಟ್ಟಿಗೆ ಹೊತ್ತುಕೊಂಡು ನಾನೇ ಬರುತ್ತೇನೆ.

ಇಂತಿ,
ನಿನ್ನ ಮಾವ

ತಾ.ಕ.: ಆಯಸ್ಕಾಂತ ಹುಡುಕಬೇಡ. ನನ್ನದು ನಿಮ್ಮ ಅಮ್ಮನ ಹೊಲಿಗೆ ಡಬ್ಬಿಯಲ್ಲಿದೆ. ಸೂಜಿ ಹೆಕ್ಕಲು ಬೇಕು ಅಂತ ತಗೊಂಡು ಹೋದವಳು ಇನ್ನೂ ವಾಪಸ್ ಕೊಟ್ಟಿಲ್ಲ.