ಹೆಬ್ಬೆರಳಿನ ಬಗ್ಗೆ ನಾನು ಹೇಳಿದ್ದು ತಪ್ಪು, ಕಾಪೋ

ಪ್ರೀತಿಯ ಕಾಪೋ,

ಇದನ್ನು ನಿನಗೊಬ್ಬನಿಗೇ ಬರೆದು ಕಳಿಸಬಹುದಿತ್ತು. ಆದರೆ ತಪ್ಪು ಪಾಠ ಹೇಳಿದ್ದು ಹತ್ತು ಜನರ ಎದುರಿಗೆ, ತಿದ್ದುಪಡಿಯೂ ಅವರೆದುರಿಗೇ ಆಗಲಿ ಅಂತ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ಹಾವೇರಿ ಬಸ್ಸಿನ ವಿಷಯ ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ನೈಲಾನ್ ತಂತಿಯ ಗಿಟಾರ್ ಅಂದರೆ ಒಂದೋ ಕ್ಲಾಸಿಕಲ್, ಇಲ್ಲಾ ಫ್ಲಮೆಂಕೊ ಅನ್ನುವವರಿಗೆಲ್ಲ ನಾವಿಬ್ಬರೂ ಬ್ರೆಜಿಲ್ ಕಡೆ ಕೈ ತೋರಿಸುತ್ತಾ ಬಂದವರು. ಅಲ್ಲಿ ಇದಕ್ಕೆ ವಿಯೊಲಾಂವ್ ಅನ್ನುತ್ತಾರೆ. ಬರೀ ಗಿಟಾರ್ ಅಂದರೆ ಕರೆಂಟಿಗೆ ಹಾಕುವುದು. ಆ ವಿಯೊಲಾಂವ್‌ನಲ್ಲಿ ಬೋಸಾ ನೋವಾ, ಅಂದರೆ ಸಾಂಬಾದಿಂದ ಹುಟ್ಟಿದ ಅಲ್ಲಿನ ಮೆತ್ತಗಿನ ಹಾಡಿನ ಶೈಲಿ, ನುಡಿಸುವಾಗ ಎರಡನೇ ಏಟಿಗೆ ಹೆಬ್ಬೆರಳಿನ ಭಾರ ಹಾಕು ಅಂತ ನಿನಗೆ ಹೇಳಿಕೊಟ್ಟಿದ್ದೆ. ಸಾಂಬಾ ಮೇಳದಲ್ಲಿ ಸುರ್ಡೋ ಅನ್ನುವ ದೊಡ್ಡ ಡೋಲು ಎರಡನೇ ಏಟಿಗೇ ಗುಮ್ಮೆನ್ನುತ್ತದೆ, ಗಿಟಾರಿನ ಹೆಬ್ಬೆರಳು ಆ ಸುರ್ಡೋನ ಜಾಗದಲ್ಲಿದೆ, ಹಾಗಾಗಿ ಅಲ್ಲಿ ಭಾರ ಬೀಳಬೇಕು ಅನ್ನುವುದು ನನ್ನ ಲೆಕ್ಕ.

ಈಗ ಈ ಶೈಲಿಗೆ ದಾರಿ ಹಾಕಿದ ಜುವಾಂವ್ ಜಿಲ್ಬೆರ್ಟೋ 1958ರಲ್ಲಿ ಹಾಡಿದ ‘ಶೇಗಾ ಜಿ ಸೌದಾಜಿ’ ಹಾಕಿಕೊಂಡು, ಹಾಡನ್ನು ಬಿಟ್ಟು ಬರೀ ಮಂದ್ರದ ತಂತಿಗೆ ಕಿವಿ ಕೊಡು. ಎರಡೇ ನಿಮಿಷದ ಹಾಡು, ಹತ್ತು ಸಲ ಕೇಳಿದರೂ ಅರ್ಧ ಗಂಟೆ ಆಗುವುದಿಲ್ಲ. ಹೆಬ್ಬೆರಳಿನ ಎರಡು ಏಟೂ ಒಂದೇ ತೂಕ. ಸುರ್ಡೋ ಜಾಗವನ್ನು ಉಳಿಸಿಕೊಂಡು ಅದರ ಗುದ್ದನ್ನು ಆತ ತೆಗೆದುಬಿಟ್ಟಿದ್ದಾನೆ. ಎಳೆದಾಟವೆಲ್ಲ ಮೇಲಿನ ಮೂರು ಬೆರಳಿಗೆ, ಅಂದರೆ ತಂಬೊರೀಂ ಅನ್ನುವ ಪುಟ್ಟ ತಮಟೆಯ ಕೆಲಸಕ್ಕೆ. ಹೆಬ್ಬೆರಳು ಗುದ್ದಿದರೆ ಆ ಮೂರು ಬೆರಳು ಅದರ ಬಾಲ ಹಿಡಿದುಕೊಂಡು ಹೋಗುತ್ತವೆ. ನಿನ್ನ ಕೈಯಲ್ಲಿ ಲಯ ಕುಂಟುತ್ತಿದ್ದದ್ದು ಅದಕ್ಕೇ, ನಿನ್ನ ತಪ್ಪಿನಿಂದಲ್ಲ.

ಹೊಸದಾಗಿ ಹೀಗೆ ಶುರು ಮಾಡು. ನಾಲ್ಕು ಸಲ ತಕದಿಮಿ ಹೇಳು, ನಿಮಿಷಕ್ಕೆ 50 ‘ತ’ ಬೀಳುವಷ್ಟು ನಿಧಾನವಾಗಿ. ಪ್ರತಿ ‘ತ’ಗೂ ಹೆಬ್ಬೆರಳು. ಉಳಿದ ಬೆರಳುಗಳು ಮೊದಲ ತಕದಿಮಿಯಲ್ಲಿ ‘ತ’ ಮತ್ತು ‘ಮಿ’ಗೆ, ಎರಡನೆಯದರಲ್ಲಿ ‘ದಿ’ಗೆ, ಮೂರನೆಯದರಲ್ಲೂ ‘ದಿ’ಗೆ, ನಾಲ್ಕನೆಯದರಲ್ಲಿ ‘ಕ’ಗೆ. ಒಟ್ಟು ಐದು ಏಟು. ತಾರದ ತಂತಿಯಿಂದ ಎಣಿಸಿದರೆ ತೋರುಬೆರಳು ನಾಲ್ಕನೇ ತಂತಿಗೆ, ನಡುಬೆರಳು ಮೂರಕ್ಕೆ, ಉಂಗುರಬೆರಳು ಎರಡಕ್ಕೆ. ಮೂರೂ ಒಟ್ಟಿಗೇ ಮೀಟಬೇಕು. ಒಂದರ ಹಿಂದೊಂದು ಬಿದ್ದರೆ ತಮಟೆ ಹೋಗಿ ವೀಣೆಯಾಗುತ್ತದೆ. ಮುಂದಿನ ಏಟಿಗೆ ಮೊದಲು ಬೆರಳುಗಳನ್ನು ತಂತಿಯ ಮೇಲೆ ವಾಪಸ್ ಕೂರಿಸಿ ನಾದ ನಿಲ್ಲಿಸು. ನಿಲ್ಲಿಸುವುದೂ ಏಟಿನಷ್ಟೇ ಮುಖ್ಯ.

ಈ ಐದು ಏಟು ಮೊದಲ ಮೆಟ್ಟಿಲು ಅಷ್ಟೇ. ಪುಸ್ತಕಗಳು ಇದನ್ನೇ ಬೋಸಾ ನೋವಾ ಅಂದುಬಿಡುತ್ತವೆ. ಜುವಾಂವ್ ಇಡೀ ಹಾಡಿಗೆ ಒಂದೇ ಅಚ್ಚು ಒತ್ತಿದವನಲ್ಲ. ಅದು ಕೈಗೆ ಕೂತ ಮೇಲೆ ಕೊನೆಯ ‘ಮಿ’ಯಲ್ಲಿ ಮುಂದಿನ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಮೀಟು, ಆಮೇಲಿನ ‘ತ’ಗೆ ಹೆಬ್ಬೆರಳೊಂದೇ ಬರಲಿ. ತಾಳ ಬೀಳುವ ಮೊದಲೇ ಎಡುಪು ತೆಗೆದುಕೊಂಡ ಹಾಗೆ. ಎಲ್ಲರೂ ಎಡವುವುದು ಇಲ್ಲೇ: ಬೆರಳು ಮುಂದೆ ಹಾರಿದ ತಕ್ಷಣ ಹೆಬ್ಬೆರಳೂ ಹಾರುತ್ತದೆ. ಹಾಗಾದರೆ ಕಾರ್ಡ್ ಬದಲಾಯಿಸಬೇಡ, ಒಂದೇ ಕಾರ್ಡಿನಲ್ಲಿ ಒಂದು ವಾರ ಇರು.

ಆಮೇಲೆ ಎಡಗೈ. ಡಿ ಮೈನರ್ ನೈನ್ ಅನ್ನುವ ಕಾರ್ಡ್: ಐದನೇ ತಂತಿ 5ನೇ ಫ್ರೆಟ್ (ಕುತ್ತಿಗೆಯ ಮೇಲಿನ ಅಡ್ಡಪಟ್ಟಿಯ ಮನೆ), ನಾಲ್ಕನೆಯದು 3, ಮೂರನೆಯದು 5, ಎರಡನೆಯದು 5. ಅಲ್ಲಿಂದ ಜಿ ಥರ್ಟೀನ್: ಆರನೇ ತಂತಿ 3, ನಾಲ್ಕನೆಯದು 3, ಮೂರನೆಯದು 4, ಎರಡನೆಯದು 5. ಒಂದನೇ ತಂತಿ ಎರಡರಲ್ಲೂ ಇಲ್ಲ, ಬಿಟ್ಟ ತಂತಿಯೂ ಒಂದಿಲ್ಲ. ಹಾಗಿದ್ದರೆ ಮಾತ್ರ ಎಡಗೈ ಸಡಿಲಿಸಿದ ಕೂಡಲೇ ನಾದ ನಿಲ್ಲುತ್ತದೆ. ಎರಡನೇ ತಂತಿಯ ಮೇಲಿನ ಕಿರುಬೆರಳನ್ನು ಎತ್ತಲೇಬೇಡ. ಉಂಗುರಬೆರಳು ಮೂರನೇ ತಂತಿಯಲ್ಲಿ ಒಂದು ಫ್ರೆಟ್ ಹಿಂದಕ್ಕೆ ಜಾರಲಿ. ಮೇಲಿನ ಮೂರು ಸ್ವರಗಳಲ್ಲಿ ಬದಲಾಗುವುದು ಅದೊಂದೇ, ಅದೂ ಅರ್ಧ ಸ್ವರ. ಬುಡ ಮಾತ್ರ ಡಿಯಿಂದ ಜಿಗೆ ಹೋಗಿರುತ್ತದೆ.

ಕಾಪೋ, ನನ್ನನ್ನು ಅಲ್ಲಾಡಿಸಿದ್ದು ಈ ಕಿರುಬೆರಳು. ತಂಬೂರಿ ಕೇಳಿ ಬೆಳೆದ ಕಿವಿ ನಮ್ಮದು. ಷಡ್ಜ ಕದಲುವುದಿಲ್ಲ, ಸ್ವರಗಳು ಅದರ ಸುತ್ತ ಓಡಾಡುತ್ತವೆ. ಇಲ್ಲಿ ಸ್ವರ ಇದ್ದಲ್ಲೇ ಇದೆ, ಕೆಳಗಿನ ನೆಲ ಸರಿಯುತ್ತದೆ. ಎರಡನೇ ತಂತಿಯ ಆ ‘ಇ’ ಡಿಯ ಮೇಲೆ ನಿಂತಾಗ ರಿಷಭ, ಜಿಯ ಮೇಲೆ ಧೈವತ. ಬೆರಳು ಕದಲಿಲ್ಲ, ಹೆಸರು ಬದಲಾಯಿತು. ನಾನು ಎರಡನೇ ಏಟನ್ನು ಗುದ್ದುತ್ತಿದ್ದದ್ದು ಸುರ್ಡೋ ನೆನಪಿನಿಂದಲ್ಲ ಅನ್ನಿಸುತ್ತಿದೆ. ಷಡ್ಜ ಎಲ್ಲಿ ಅಂತ ಹುಡುಕುತ್ತಾ ಗುದ್ದುತ್ತಿದ್ದೆ. ಜುವಾಂವ್ ಹಾಡುವಾಗ ದನಿ ಗಿಟಾರಿಗಿಂತ ಹಿಂದೆ ಉಳಿಯುತ್ತದೆ, ಇನ್ನೊಂದು ಸಾಲಿನಲ್ಲಿ ಮುಂದೆ ಓಡುತ್ತದೆ. ಹೆಬ್ಬೆರಳು ಮಾತ್ರ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಹಾಗೆ ಹಾಡಬೇಕಾದರೆ ಕೈಯನ್ನೂ ಗಂಟಲನ್ನೂ ಒಂದರಿಂದೊಂದು ಬಿಟ್ಟುಕೊಡಬೇಕು. ನನಗೆ ಅದು ಬಾವಿಕಟ್ಟೆಯಿಂದ ಕೈಬಿಟ್ಟ ಹಾಗೆ ಆಗುತ್ತದೆ. ನಾನು ನಿನ್ನೆದುರು ಹಾಡುವುದನ್ನು ನಿಲ್ಲಿಸಿದ್ದು ಗಂಟಲಿನ ಕಾರಣಕ್ಕಲ್ಲ, ಭಯಕ್ಕೆ.

ಇಷ್ಟು ಬರೆಯಬೇಕು ಅಂತ ಕೂತಿರಲಿಲ್ಲ. ಇರಲಿ, ತಂತಿಯ ವಿಷಯಕ್ಕೆ ಬರುತ್ತೇನೆ.

ಸ್ಟೀಲ್ ತಂತಿ ಹಾಕಿ ನೋಡಲಾ ಅಂತ ಕೇಳಿದ್ದೆಯಲ್ಲ, ಬೇಡ ಮಾರಾಯ. ಆರು ನೈಲಾನ್ ತಂತಿ ಸೇರಿ ಬ್ರಿಡ್ಜನ್ನು, ಅಂದರೆ ಹಲಗೆಯ ಮೇಲೆ ತಂತಿ ಕಟ್ಟುವ ಪಟ್ಟಿಯನ್ನು, ಎಳೆಯುವುದು ಸುಮಾರು 40 ಕೆ.ಜಿ. ಸ್ಟೀಲಿನ ಸಾಮಾನ್ಯ ಸೆಟ್ ಹಾಕಿದರೆ 70ರ ಹತ್ತಿರ ಹೋಗುತ್ತದೆ. ಮೊದಲು ಬ್ರಿಡ್ಜಿನ ಹಿಂದೆ ಹಲಗೆ ಉಬ್ಬುತ್ತದೆ, ಆಮೇಲೆ ಬ್ರಿಡ್ಜೇ ಕಿತ್ತು ಬರುತ್ತದೆ. ಮೂರನೇ ತಂತಿ ಮಂಕಾಗಿದೆ ಅನ್ನುವುದೇ ನಿನ್ನ ದೂರಾದರೆ ಅದು ನಿಜ: ಸುತ್ತುತಂತಿ ಇಲ್ಲದ ಬರೀ ನೈಲಾನ್, ಸುಮಾರು 1 ಮಿ.ಮೀ. ದಪ್ಪ. ಅದೊಂದನ್ನು ಕಾರ್ಬನ್ ತಂತಿಗೆ ಬದಲಾಯಿಸು, ತೆಳ್ಳಗಿದ್ದು ಗಟ್ಟಿಯಾಗಿ ನುಡಿಯುತ್ತದೆ. ಹೊಸ ತಂತಿ ಮೂರ್ನಾಲ್ಕು ದಿನ ಶ್ರುತಿ ಇಳಿಯುತ್ತಲೇ ಇರುತ್ತದೆ, ಸಂಜೆ ಸಂಜೆ ಏರಿಸುತ್ತಾ ಇರು.

ನೈಲಾನ್ ಮೆತ್ತಗಿನ ಹಾಡಿಗೆ ಮಾತ್ರ ಅಂತ ಯಾರಾದರೂ ಅಂದರೆ ಬ್ರೆಜಿಲಿನ ಗಿಟಾರ್ ವಾದಕ ಬಾಡೆನ್ ಪವೆಲ್ 1966ರಲ್ಲಿ ಕವಿ ವಿನೀಸಿಯಸ್ ಜೊತೆ ಮಾಡಿದ ‘ಆಫ್ರೋ ಸಾಂಬಾಸ್’ ಕೇಳಿಸು. ಏಳು ತಂತಿಯ ಗಿಟಾರ್ ಬೇಕು ಅಂತ ಈಗಲೇ ಹಟ ಹಿಡಿಯಬೇಡ. ಶೋರೋ ಅನ್ನುವ ಬ್ರೆಜಿಲಿನ ವಾದ್ಯಸಂಗೀತದಲ್ಲಿ ಹೆಸರು ಮಾಡಿದ ಡೀನೋ ಅದನ್ನು ಸ್ಟೀಲ್ ತಂತಿಯಲ್ಲಿ, ಹೆಬ್ಬೆರಳಿಗೆ ಉಗುರು ತೊಟ್ಟು ನುಡಿಸಿದವನು. ಏಳನೆಯದಕ್ಕೆ ಚೆಲ್ಲೋ ತಂತಿ ಕಟ್ಟಿ ‘ಸಿ’ಗೆ ಶ್ರುತಿ ಮಾಡಿಕೊಂಡಿದ್ದ. ಅಲ್ಲಿ ಮಂದ್ರದ ತಂತಿ ಹಾಡಿಗೆ ಎದುರುತ್ತರ ಕೊಡುತ್ತಾ ಇಳಿಯುತ್ತದೆ. ಹೆಬ್ಬೆರಳು ಸುಮ್ಮನೆ ನಡೆಯುವುದನ್ನು ಕಲಿತ ಮೇಲೆ ಅದು.

ಭಾನುವಾರ ಬರುತ್ತೇನೆ. ನೀನು ತಕದಿಮಿ ಹೇಳು, ನಾನು ಮೀಟುತ್ತೇನೆ. ಹಾಡುವುದು ಯಾರು ಅಂತ ಆಮೇಲೆ ನೋಡೋಣ. ಅತ್ತಿಗೆಗೆ ಹೇಳಿಡು, ಈ ಸಲ ಬಿಳಿ ಲೋಟ ಬೇಡ.

ನಿನ್ನ,
ಮೂರನೇ ತಂತಿ