ಹಡಗಿನ ಊಟಕ್ಕೆ ಅಜ್ಜಿಯ ಸೀರೆ ಉಟ್ಟುಕೋ

ಬೆಲ್‌ವ್ಯೂ, ವಾಷಿಂಗ್ಟನ್
ಏಪ್ರಿಲ್ 12

ಚಿ. ಸೌ. ಮೇಘನಾಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ.

ಮೊನ್ನೆ ಫೋನಿನಲ್ಲಿ, "ದೊಡ್ಡಮ್ಮ, ಅಲಾಸ್ಕಾ ಹಡಗಿನಲ್ಲಿ ರಾತ್ರಿ ಊಟಕ್ಕೆ ಗೌನ್ ಹಾಕ್ಕೋಬೇಕಂತೆ, ಎರಡು ತಗೊಂಡುಬಿಡ್ಲಾ? ಅತ್ತೆ ಸೀರೆ ಬಿಟ್ಟು ಬೇರೆ ಏನೂ ಉಡಲ್ಲ, ಅವರಿಗೇನು ಮಾಡ್ಲಿ?" ಅಂತ ಕೇಳಿದೆಯಲ್ಲ, ನಾನು "ಗೌನ್ ಬೇಡ" ಅಂದು ಮಾತು ಮುಗಿಸಿಬಿಟ್ಟೆ. ಯಾಕೆ ಬೇಡ ಅನ್ನುವುದು ಫೋನಿನಲ್ಲಿ ನನ್ನ ಬಾಯಿಗೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಅಜ್ಜಿ ಇಲ್ಲಿಗೆ ಬಂದಿದ್ದ ವರ್ಷ ನಾವು ಅವಳನ್ನು ಅಲಾಸ್ಕಾಕ್ಕೆ ಕರೆದುಕೊಂಡು ಹೋಗಿದ್ದೆವು. ನೀನಾಗ ಇನ್ನೂ ಸ್ಕೂಲಿನಲ್ಲಿದ್ದೆ. ಎರಡನೇ ದಿನವೇ ಫಾರ್ಮಲ್ ನೈಟ್, ಅಂದರೆ ಎಲ್ಲರೂ ಸಿಂಗರಿಸಿಕೊಂಡು ಊಟದ ಹಾಲಿಗೆ ಬರುವ ರಾತ್ರಿ. ಯಾರೋ ಹೇಳಿದರೆಂದು ನಾನು ತೋಳಿಲ್ಲದ ಕರಿ ಗೌನು ಕೊಂಡಿದ್ದೆ. ಅಜ್ಜಿ ಸಂಜೆ ಐದಕ್ಕೇ ಮುಖ ತೊಳೆದು, ಬದನೆಕಾಯಿ ಬಣ್ಣದ ಮೈಸೂರು ಸಿಲ್ಕು ಸೀರೆಯನ್ನು ಹಾಸಿಗೆ ಮೇಲೆ ತೆಗೆದಿಟ್ಟುಕೊಂಡಿದ್ದಳು. ಪಕ್ಕದಲ್ಲೇ ಅವಳ ಕಂದು ಸ್ವೆಟರು. ನನ್ನನ್ನು ನೋಡಿದಳು. ಬಾಗಿಲು ತೆಗೆದು ಕಾರಿಡಾರಿನಲ್ಲಿ ಓಡಾಡುತ್ತಿದ್ದವರನ್ನು ನೋಡಿದಳು. ಆಮೇಲೆ ಸ್ವೆಟರನ್ನು ಮಡಿಚಿ ಒಳಗಿಟ್ಟು, "ನನಗ್ಯಾಕೋ ಹಸಿವಿಲ್ಲಮ್ಮ, ನೀವು ಹೋಗಿ ಬನ್ನಿ" ಅಂದಳು. ನಾನು ಎರಡು ಸಲ ಕರೆದೆ. ಮೂರನೇ ಸಲ ಕರೆಯಲಿಲ್ಲ. ಅವತ್ತು ರಾತ್ರಿ ಅವಳು ಕ್ಯಾಬಿನ್ನಿನಲ್ಲಿ ಒಬ್ಬಳೇ ಕೂತು ಮನೆಯಿಂದ ತಂದಿದ್ದ ಹುರಿದ ಅವಲಕ್ಕಿ ತಿಂದು ಮಲಗಿದಳು. ಉಳಿದ ರಾತ್ರಿಗಳೆಲ್ಲ ಮೇಲಿನ ಬಫೆಯಲ್ಲೇ ಅವಳ ಊಟ. ಬ್ರೆಡ್ಡು, ಹಣ್ಣು, ಉಪ್ಪಿಲ್ಲದ ತರಕಾರಿ.

ನಾನಾದರೂ ಊಟದ ಹಾಲಿನಲ್ಲಿ ಸುಖವಾಗಿದ್ದೆನಾ? ಎಸಿ ಗಾಳಿ ನೇರ ಹೆಗಲಿಗೆ ಬಡಿಯುತ್ತಿತ್ತು. ಊಟದ ಮಧ್ಯೆ ಕಿಟಕಿಯಾಚೆ ತಿಮಿಂಗಿಲ ಉಸಿರು ಬಿಟ್ಟು ನೀರು ಚಿಮ್ಮಿಸಿತು. ಪಕ್ಕದ ಮೇಜಿನವರು ಕುರ್ಚಿಗೆ ನೇತುಹಾಕಿದ್ದ ಜಾಕೆಟ್ ಎಳೆದುಕೊಂಡು ಡೆಕ್ಕಿಗೆ ಓಡಿದರು. ನಾನೂ ಎದ್ದೆ. ಬಾಗಿಲು ತೆಗೆದ ತಕ್ಷಣ ಬಂದ ಗಾಳಿಗೆ ಒಂದು ಹೆಜ್ಜೆಯನ್ನೂ ಇಡಲಾಗದೆ ವಾಪಸು ಬಂದು ಕೂತೆ. ತಿಮಿಂಗಿಲವನ್ನೂ ಸರಿಯಾಗಿ ನೋಡಲಿಲ್ಲ, ಅಮ್ಮನಿಗೂ ತೋರಿಸಲಿಲ್ಲ.

ಆಮೇಲೆ ಎರಡು ಸಲ ಹೋಗಿ ಬಂದಿದ್ದೇನೆ, ಇಲ್ಲಿಗೆ ಬಂದವರ ಜೊತೆ. ಈಗ ನಾನು ಉಡುಪು ಆರಿಸುವುದು ಒಂದೇ ಲೆಕ್ಕದಲ್ಲಿ: ಇದನ್ನು ಉಟ್ಟು ಊಟದ ಮಧ್ಯೆ ಎದ್ದು ಡೆಕ್ಕಿಗೆ ಹೋಗಲು ಆಗುತ್ತದಾ? ಬೇರೆ ಕಡೆಯ ಹಡಗಿಗೂ ಅಲಾಸ್ಕಾದ ಹಡಗಿಗೂ ಇರುವ ವ್ಯತ್ಯಾಸವೇ ಅದು. ನೀವು ಹೋಗುವ ಜೂನ್ ತಿಂಗಳಲ್ಲಿ ಜೂನೋ ಊರಿನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತರ ಹತ್ತಿರ. ಅಂದರೆ ನೀವು ಊಟಕ್ಕೆ ಕೂತಾಗ ಹೊರಗೆ ಹಾಡುಹಗಲು. ಚಳಿಗಾಲವನ್ನು ಹವಾಯಿಯಲ್ಲಿ ಕಳೆದ ಹಂಪ್‌ಬ್ಯಾಕ್ ತಿಮಿಂಗಿಲಗಳು ಬೇಸಿಗೆಯಲ್ಲಿ ಮೇವಿಗೆ ಬರುವುದು ಅಲ್ಲಿಗೇ. ಅವುಗಳಿಗೆ ನಮ್ಮ ಊಟದ ಹೊತ್ತು ಗೊತ್ತಿಲ್ಲ. ಹಗಲು 15 ಡಿಗ್ರಿ ಇದ್ದರೂ ಸಂಜೆಗೆ ಹತ್ತಕ್ಕಿಂತ ಕೆಳಗೆ ಇಳಿಯುವುದುಂಟು. ಹಿಮನದಿಯ ಹತ್ತಿರ ಇನ್ನೂ ಕಡಿಮೆ. ಗಾಳಿ ಬೀಸದಿದ್ದರೂ ಹಡಗು 20 ನಾಟ್ ವೇಗದಲ್ಲಿ ಹೋದರೆ ಡೆಕ್ಕಿನ ಮೇಲೆ ಗಂಟೆಗೆ 37 ಕಿ.ಮೀ. ಗಾಳಿ ತಾನಾಗಿಯೇ ಹುಟ್ಟುತ್ತದೆ. ಸ್ಕೂಟರಿನ ಮೇಲೆ ಸ್ವೆಟರಿಲ್ಲದೆ ಜನವರಿಯ ಬೆಳಗಿನ ಜಾವ ಮಡಿಕೇರಿ ಘಾಟಿ ಇಳಿದ ಹಾಗೆ ಅಂದುಕೋ.

ನೀವು ಟಿಕೆಟ್ ತೆಗೆದಿರುವ ಪ್ರಿನ್ಸೆಸ್ ಕಂಪನಿಯ ಹಡಗಿನಲ್ಲಿ ಏಳು ರಾತ್ರಿಗೆ ಎರಡು ಫಾರ್ಮಲ್ ನೈಟ್. ಉಳಿದ ಐದು ರಾತ್ರಿ ಮನೆಗೆ ನೆಂಟರು ಬಂದಾಗ ಹಾಕಿಕೊಳ್ಳುವಂಥ ಬಟ್ಟೆ ಸಾಕು. ಚಡ್ಡಿ, ಬನಿಯನ್ನಿನಂಥ ಅಂಗಿ, ಹವಾಯಿ ಚಪ್ಪಲಿ ಹಾಕಿಕೊಂಡು ದೊಡ್ಡ ಊಟದ ಹಾಲಿಗೆ ಹೋಗಬಾರದು, ಅಷ್ಟೇ. ಬಫೆಗೆ ಆ ನಿಯಮವೂ ಇಲ್ಲ. ಆದರೆ ಬಫೆ ಇದೆಯಲ್ಲ ಅಂತ ನಿನ್ನ ಅತ್ತೆಯವರನ್ನು ಅಲ್ಲಿಗೆ ಕಳಿಸಬೇಡ. ದೊಡ್ಡ ಹಾಲಿನಲ್ಲಿ ಹೆಡ್ ವೇಟರಿಗೆ ಮೊದಲ ರಾತ್ರಿಯೇ "ಸಸ್ಯಾಹಾರಿಗಳು, ಮೊಟ್ಟೆಯೂ ಬೇಡ" ಅಂತ ಹೇಳಿದರೆ ಮಾರನೆಯ ರಾತ್ರಿಗೆ ಅನ್ನ, ಬೇಳೆ, ಒಂದು ಪಲ್ಯ ಮಾಡಿಸಿ ತಂದುಕೊಡುತ್ತಾರೆ. ಅಡಿಗೆಮನೆಯಲ್ಲಿ ಭಾರತದ ಹುಡುಗರು ಇದ್ದೇ ಇರುತ್ತಾರೆ. ಬಟ್ಟೆಯ ಸಂಕೋಚಕ್ಕೆ ಆ ಹಾಲಿಗೆ ಹೋಗದಿದ್ದರೆ ಬಿಸಿ ಅನ್ನವೂ ತಪ್ಪುತ್ತದೆ. ನಿನ್ನ ಅಜ್ಜಿಗೆ ತಪ್ಪಿದ್ದು ಅದು.

ಫಾರ್ಮಲ್ ಅಂದರೆ ಗೌನೇ ಅಲ್ಲ ಮೇಘನಾ. ರೇಷ್ಮೆ ಸೀರೆಗಿಂತ ಫಾರ್ಮಲ್ ಉಡುಪು ಆ ಹಾಲಿನಲ್ಲಿ ಯಾರ ಮೈಮೇಲೂ ಇರುವುದಿಲ್ಲ. ಎರಡನೇ ಸಲ ಹೋದಾಗ ನಾನು ಸೀರೆ ಉಟ್ಟೇ ಹೋದೆ. ಯಾರೂ ತಡೆಯಲಿಲ್ಲ. ಇಬ್ಬರು ಹೆಂಗಸರು ಸೆರಗು ಮುಟ್ಟಿ ನೋಡಿ ಜರಿಯ ಬಗ್ಗೆ ಕೇಳಿದರು. ಸೀರೆಯಲ್ಲಿ ಚಳಿ ಅನ್ನುವುದು ಹತ್ತಿ ಸೀರೆಯ ಮಾತು. ರೇಷ್ಮೆ ಮೈಯ ಕಾವನ್ನು ಬೇಗ ಬಿಟ್ಟುಕೊಡುವುದಿಲ್ಲ. ಅದರಲ್ಲೂ ಐದೂವರೆ ಮೀಟರ್ ಸುತ್ತಿಕೊಂಡ ಮೇಲೆ ಸೊಂಟದಿಂದ ಕೆಳಗೆ ಎಷ್ಟು ಪದರ ಆಗುತ್ತದೆ ಯೋಚಿಸು. ಬಯಲಾಗಿ ಉಳಿಯುವುದು ತೋಳು, ಬೆನ್ನು, ಸೊಂಟ, ಪಾದ. ಆ ನಾಲ್ಕಕ್ಕೆ ವ್ಯವಸ್ಥೆ ಮಾಡಿಕೊಂಡರೆ ಮುಗಿಯಿತು.

ಟೈಲರ್ ಹತ್ತಿರ ಉದ್ದ ತೋಳಿನ, ಕತ್ತು ಮುಚ್ಚುವ, ಸೊಂಟದವರೆಗೆ ಇಳಿಯುವ ಬ್ಲೌಸು ಹೊಲಿಸು. ನಿನ್ನ ಅಳತೆಗಿಂತ ಒಂದಿಂಚು ಸಡಿಲ ಇರಲಿ, ಒಳಗೆ ಥರ್ಮಲ್, ಅಂದರೆ ಚಳಿ ತಡೆಯುವ ಒಳ ಉಡುಪು, ಹಾಕಿಕೊಂಡಾಗ ಹಿಡಿಯಬಾರದು. ಡೆಕಾತ್ಲಾನಿನಲ್ಲಿ ತೆಳ್ಳಗಿನ ಥರ್ಮಲ್ ಸಿಗುತ್ತದೆ, ಅಂಗಿಯೂ ಪ್ಯಾಂಟೂ. ಪ್ಯಾಂಟನ್ನು ಒಳಲಂಗದ ಕೆಳಗೆ ಹಾಕಿಕೋ, ಯಾರಿಗೂ ಕಾಣುವುದಿಲ್ಲ. ಅತ್ತೆಯವರಿಗೂ ಒಂದು ಜೊತೆ ತಗೋ. ಮೊದಲು ಬೇಡ ಅನ್ನುತ್ತಾರೆ, ಒಂದು ರಾತ್ರಿ ಮನೆಯಲ್ಲೇ ಹಾಕಿ ನೋಡಲಿ. ಸೀರೆಯನ್ನು ನೆಲದಿಂದ ಎರಡು ಬೆರಳು ಮೇಲೆ ಉಡಿ. ಡೆಕ್ಕು ಒದ್ದೆಯಾಗಿರುತ್ತದೆ, ಬಾಗಿಲಿನ ಹೊಸ್ತಿಲು ಉಕ್ಕಿನದು, ಎತ್ತರ. ನಿರಿಗೆಗೆ ಒಂದು ಪಿನ್ನು ಜಾಸ್ತಿಯೇ ಹಾಕಿ, ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಸಿಯಾಟಲ್ ಬಿಟ್ಟ ಮೇಲೆ ತೆರೆದ ಸಮುದ್ರದಲ್ಲಿ ಹಡಗು ತೂಗುವುದುಂಟು, ಒಂದು ಕೈ ಯಾವಾಗಲೂ ಕಂಬಿಯ ಮೇಲೆ ಇರಬೇಕು. ಹಿಮ್ಮಡಿ ಎತ್ತರದ ಚಪ್ಪಲಿ ತರಲೇಬೇಡ. ಉಣ್ಣೆಯ ಕಾಲುಚೀಲ, ಮೇಲೆ ಚಪ್ಪಟೆ ಕರಿ ಶೂ. ಸೀರೆಯ ಕೆಳಗೆ ಶೂ ಕಂಡರೆ ಕಾಣಲಿ.

ಮೇಲೊಂದು ದಪ್ಪ ಉಣ್ಣೆ ಶಾಲು. ಸ್ವೆಟರಿಗಿಂತ ಶಾಲು ಒಳ್ಳೆಯದು, ಸೀರೆಯ ಅಂದವನ್ನು ಮುಚ್ಚುವುದಿಲ್ಲ. ಇದಲ್ಲದೆ ಗಾಳಿ ತಡೆಯುವ ಜಾಕೆಟ್ಟನ್ನು ಊಟದ ಹಾಲಿಗೂ ಒಯ್ಯಿರಿ, ಕುರ್ಚಿಗೆ ನೇತುಹಾಕಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಯಾವ ಸೀರೆ ಅಂದರೆ, ಕಂಚಿ ಬೇಡ. ಭಾರ, ಪೆಟ್ಟಿಗೆಯಲ್ಲಿ ಗೆರೆ ಬೀಳುತ್ತದೆ, ಕ್ಯಾಬಿನ್ನಿನಲ್ಲಿ ಇಸ್ತ್ರಿಪೆಟ್ಟಿಗೆ ಇಟ್ಟುಕೊಳ್ಳಲು ಬಿಡುವುದಿಲ್ಲ, ಬೆಂಕಿಯ ಭಯಕ್ಕೆ. ಮೈಸೂರು ಸಿಲ್ಕು ಕ್ರೇಪು. ಮುದುಡಿ ಇಟ್ಟರೂ ಕೊಡವಿ ಉಡಬಹುದು. ಅಜ್ಜಿಯ ಆ ಬದನೆಕಾಯಿ ಬಣ್ಣದ್ದು ನಿನ್ನ ಅಮ್ಮನ ಬೀರುವಿನಲ್ಲಿದೆ. ನಾಲ್ವಡಿಯವರು 1912ರಲ್ಲಿ ಶುರು ಮಾಡಿಸಿದ ಮೈಸೂರಿನ ಕಾರ್ಖಾನೆಯದು, ತಾತ ತಮ್ಮ ಮೊದಲ ಬಡ್ತಿಯಲ್ಲಿ ತಂದದ್ದು. ಆ ಹಡಗಿನಲ್ಲಿ ಪೆಟ್ಟಿಗೆಯಿಂದ ತೆಗೆದು ಮತ್ತೆ ಪೆಟ್ಟಿಗೆಗೇ ಹೋದ ಸೀರೆ ಅದು. ಅದನ್ನು ನೀನು ಮೊದಲ ಫಾರ್ಮಲ್ ನೈಟಿಗೆ ಉಡಬೇಕು. ಜರಿ ಬೆಳ್ಳಿಯದು, ಉಪ್ಪುನೀರು ಮಾತ್ರ ತಾಗಿಸಬೇಡ.

ಗಂಡಸರ ವಿಷಯ ಸುಲಭ. ನಿನ್ನ ಗಂಡನಿಗೆ ಆರತಕ್ಷತೆಯ ಸೂಟೇ ಸಾಕು, ಬಾಡಿಗೆಗೆ ಟಕ್ಸಿಡೊ ಬೇಡ. ಮಾವನವರು ದಿನಾ ಪಂಚೆ ಉಡುವವರು. ಕರಿ ಕ್ಲೋಸ್ ಕಾಲರ್ ಕೋಟು, ಕಚ್ಚೆ ಪಂಚೆ, ಒಳಗೆ ಥರ್ಮಲ್, ಹೆಗಲ ಮೇಲೆ ಶಲ್ಯ. ಹಳೆಯ ಮೈಸೂರಿನ ಹಿರಿಯರು ಹೀಗೇ ಅಲ್ಲವೇ ಸಭೆಗೆ ಹೋಗುತ್ತಿದ್ದದ್ದು. ಸಂಕೋಚಪಟ್ಟರೆ ಪ್ಯಾಂಟು ಹಾಕಿಕೊಳ್ಳಲಿ, ಆ ಕೋಟು ಅದರ ಮೇಲೂ ಒಪ್ಪುತ್ತದೆ. ಒತ್ತಾಯ ಮಾಡಬೇಡ.

ಹಡಗು ಹತ್ತುವ ದಿನ ದೊಡ್ಡ ಪೆಟ್ಟಿಗೆಗಳನ್ನು ಸಿಯಾಟಲ್ ಬಂದರಿನ ಪಿಯರ್ 91ರಲ್ಲೇ ತೆಗೆದುಕೊಂಡುಬಿಡುತ್ತಾರೆ, ಅವು ಕ್ಯಾಬಿನ್ನಿಗೆ ಬರುವಾಗ ಸಂಜೆಯಾದೀತು. ಮೊದಲ ರಾತ್ರಿಯ ಬಟ್ಟೆ, ಒಂದೊಂದು ಶಾಲು, ಮಾತ್ರೆಗಳು ಕೈಚೀಲದಲ್ಲಿರಲಿ. ಅಲಾಸ್ಕಾದ ಕೆಚಿಕನ್‌ನಲ್ಲಿ ಮಳೆ ಗ್ಯಾರಂಟಿ ಅಂದುಕೊಂಡೇ ಹೋಗಿ. ಆಗುಂಬೆಯಷ್ಟಿಲ್ಲದಿದ್ದರೂ ವರ್ಷಕ್ಕೆ 3500 ಮಿ.ಮೀ. ಮೀರಿ ಸುರಿಯುವ ಊರು. ಅಲ್ಲಿಂದ ನೆನೆದು ಬಂದವರು ಆ ರಾತ್ರಿ ಬಿಸಿನೀರು ಸ್ನಾನ ಮಾಡಿ ಒಣ ಬಟ್ಟೆ ಹಾಕಿಕೊಂಡೇ ಊಟಕ್ಕೆ ಹೋಗಬೇಕು. ಕೊನೆಯ ಸಂಜೆ ವಿಕ್ಟೋರಿಯಾ, ಅದು ಕೆನಡಾ. ಬಟ್ಟೆಯ ಮಾತಲ್ಲದಿದ್ದರೂ ಹೇಳುತ್ತೇನೆ: ನಮ್ಮ ಪಾಸ್‌ಪೋರ್ಟಿಗೆ ಕೆನಡಾ ವೀಸಾ ಬೇಕು, ನಾಲ್ವರದ್ದೂ ಈಗಲೇ ಹಾಕಿ.

ಅತ್ತೆಯವರು "ನನಗೆ ಹಸಿವಿಲ್ಲ, ನೀವು ಹೋಗಿ ಬನ್ನಿ" ಅಂದರೆ ನಂಬಬೇಡ. ಕೂತು ನಿರಿಗೆ ಹಿಡಿದುಕೊಡು, ಶಾಲು ಹೊದಿಸು, ಕೈಹಿಡಿದು ಕರೆದುಕೊಂಡು ಹೋಗು.

ಬ್ಲೌಸನ್ನು ಈ ವಾರವೇ ಟೈಲರಿಗೆ ಕೊಡು, ಮೇ ತಿಂಗಳು ಮದುವೆ ಕಾಲ, ಕೈಗೆ ಸಿಗುವುದಿಲ್ಲ. ಶಾಲು ಕೊಳ್ಳಬೇಡ, ನನ್ನ ಹತ್ತಿರ ಮೂರಿವೆ, ಏರ್‌ಪೋರ್ಟಿಗೆ ಬರುವಾಗ ತರುತ್ತೇನೆ. ಅತ್ತೆಯವರಿಗೆ ಉಣ್ಣೆ ಕಾಲುಚೀಲ ನಾನೇ ಹೆಣೆಯುತ್ತಿದ್ದೇನೆ, ಒಂದು ಅರ್ಧ ಮುಗಿದಿದೆ. ಅವರ ಪಾದದ ಅಳತೆ ಕೇಳಿ ಬರೆದು ಕಳಿಸು.

ಇಂತಿ
ನಿನ್ನ ದೊಡ್ಡಮ್ಮ